ಒಲೆಯಿಲ್ಲದ ಕೋಣೆಯಲ್ಲಿ ಕಡಬು

ಹಾನಗಲ್ ಮತ್ತು ಶಿಗ್ಗಾಂವಿ ತಾಲೂಕುಗಳ ಪಶ್ಚಿಮದ ಗಡಿ ದಾಟಿದರೆ ಸಿಗುವುದು ಉತ್ತರ ಕನ್ನಡದ ಮುಂಡಗೋಡ. 1966ರಲ್ಲಿ ಅಲ್ಲಿ ಟಿಬೆಟಿಯನ್ ನಿರಾಶ್ರಿತರ ವಸತಿ ಶುರುವಾಯಿತು. ಲಾಸಾ ಸುತ್ತಮುತ್ತಲ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳು ಮುಂದೆ ಅಲ್ಲೇ ಹೊಸದಾಗಿ ನೆಲೆಯೂರಿದವು. ಬಂದವರ ಜೊತೆಗೆ ಅವರ ತಿನಿಸೂ ಬಂತು. ತೆಳುವಾಗಿ ಲಟ್ಟಿಸಿದ ಮೈದಾ ಕಣಕ, ಒಳಗೆ ಕೊಚ್ಚಿದ ಮಾಂಸ ಇಲ್ಲವೇ ಎಲೆಕೋಸು, ಅಂಚಿಗೆ ನಿರಿಗೆ, ಆಮೇಲೆ ಹಬೆ. ಅದೇ ಮೋಮೋ. ಗಡಿಯ ಈಚೆಗೆ, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಅಡುಗೆಮನೆಗಳಲ್ಲಿ ಕಡಬು ಮೊದಲಿನಿಂದಲೂ ಇದೆ. ಗೋಧಿ ಕಣಕ, ಒಳಗೆ ಕಡಲೆಬೇಳೆ–ಬೆಲ್ಲದ ಹೂರಣ, ಆಮೇಲೆ ಹಬೆ. ಕಣಕ, ಹೂರಣ, ಹಬೆ ಎಂಬ ಮೂರೂ ಎರಡಕ್ಕೂ ಒಂದೇ.

ಈಗ ಹೆಪ್ಪುಗಟ್ಟಿಸಿದ ಮೋಮೋ ಪೊಟ್ಟಣದಲ್ಲಿ ಸಿಗುತ್ತದೆ. ಹುಬ್ಬಳ್ಳಿ–ಧಾರವಾಡದ ಅಂಗಡಿಗಳ ಫ್ರೀಜರಿನಲ್ಲಿ ಐಸ್‌ಕ್ರೀಮಿನ ಪಕ್ಕದಲ್ಲೇ ಇರುತ್ತದೆ. ಈ ನಾಲ್ಕು ತಾಲೂಕುಗಳಿಂದ ಪರೀಕ್ಷೆಯ ತಯಾರಿಗೆಂದು ಧಾರವಾಡಕ್ಕೆ ಹೋಗಿ ರೂಮು ಮಾಡಿಕೊಂಡ ಹುಡುಗ ಹುಡುಗಿಯರಿಗೆ ಅದು ಸುಲಭದ ಊಟ. ತೊಡಕು ಒಂದೇ: ಬಹಳಷ್ಟು ಪಿಜಿ, ಹಾಸ್ಟೆಲುಗಳಲ್ಲಿ ಗ್ಯಾಸ್ ಒಲೆ ಇಡುವಂತಿಲ್ಲ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯಕ್ಕೆ ಓದಲು ಬಂದು ಕೋಣೆ ಹಿಡಿದವರಿಗೂ ಇದೇ ತೊಡಕು ಎದುರಾಗಬಹುದು. “ಗ್ಯಾಸ್ ಇಲ್ಲಲ್ಲೋ ತಮ್ಮಾ, ಹೆಂಗ ಬೇಯಿಸ್ತಿ?” ಎಂದು ಊರಿನಿಂದ ಅವ್ವ ಫೋನಿನಲ್ಲಿ ಕೇಳಿದರೆ, “ಬಿಸಿನೀರಾಗ ಹಾಕಿಟ್ರ ಆತಬೇ ಯವ್ವಾ” ಎಂಬ ಉತ್ತರ ತಯಾರಾಗಿರುತ್ತದೆ. ಆ ಉತ್ತರ ಸರಿಯೇ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಲೆಕ್ಕಕ್ಕೆ ಮೊದಲು ಕಡಬಿಗೂ ಮೋಮೋಗೂ ಇರುವ ದೊಡ್ಡ ವ್ಯತ್ಯಾಸವನ್ನು ಗಮನಿಸಬೇಕು. ಕಡಬಿನ ಹೂರಣ ಕಣಕದೊಳಗೆ ಹೋಗುವ ಮೊದಲೇ ಬೆಂದಿರುತ್ತದೆ. ಬೇಳೆ ಕುದಿಸಿ, ಬಸಿದು, ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ತಿರುವಿ, ರುಬ್ಬಿ ತುಂಬುತ್ತಾರೆ. ಹಬೆಯಲ್ಲಿ ಬೇಯಬೇಕಾದದ್ದು ಹೊರಗಿನ ಕಣಕ ಮಾತ್ರ. ಹೀಗಾಗಿ ಒದ್ದೆ ಬೆರಳಿನಿಂದ ಮೈ ಮುಟ್ಟಿ, ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದು ಇಳಿಸುವ ಅಜ್ಜಿಯ ಪರೀಕ್ಷೆ ಕಡಬಿಗೆ ಪೂರ್ತಿ ಸರಿ. ಹಸಿ ಕೋಳಿಮಾಂಸ ತುಂಬಿದ ಮೋಮೋಗೆ ಅದೇ ಪರೀಕ್ಷೆ ಮಾಡಿದರೆ ಅಪಾಯ. ಅದರಲ್ಲಿ ಕಾವು ಎಲ್ಲಕ್ಕಿಂತ ಕೊನೆಗೆ ತಲುಪುವ ಜಾಗದಲ್ಲೇ ರೋಗಾಣು ಇರುವ ಸಾಧ್ಯತೆ ಹೆಚ್ಚು. ಗೋಧಿಯ ಪಿಷ್ಟ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ನೀರು ಹೀರಿ ಉಬ್ಬಿ ಅರೆಪಾರದರ್ಶಕವಾಗುತ್ತದೆ. ನಡುವಿನ ಮಾಂಸದಲ್ಲಿ ಇನ್ನೂ ಮಂಜಿನ ಹರಳು ಇರುವಾಗಲೇ ಹೊರಗಿನ ಕಣಕ ಬೆಂದು ಹೊಳೆಯುತ್ತಿರಬಹುದು.

ಹೆಪ್ಪುಗಟ್ಟಿಸಿದರೆ ರೋಗಾಣು ಸಾಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿಯೇ ಇದೆ. ಮೈನಸ್ 18 ಡಿಗ್ರಿಯಲ್ಲಿ ಸಾಲ್ಮೊನೆಲ್ಲಾ ಬೆಳೆಯುವುದಿಲ್ಲ, ನಿಜ. ಆದರೆ ಸಾಕಷ್ಟು ಸಂಖ್ಯೆಯಲ್ಲಿ ಸುಮ್ಮನೆ ಉಳಿದುಕೊಳ್ಳುತ್ತದೆ. ಕರಗಿದ ಕೂಡಲೇ ಮತ್ತೆ ಎಚ್ಚರ. ಲಿಸ್ಟೀರಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಫ್ರಿಜ್ಜಿನ ಕೆಳಗಿನ ಭಾಗದ ತಂಪಿನಲ್ಲೂ ನಿಧಾನವಾಗಿ ಬೆಳೆಯಬಲ್ಲದು. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಲ್ಯಾಬ್ರಡಾರಿನ ಚಳಿಯಲ್ಲಿ ಮೀನು ಕ್ಷಣದಲ್ಲಿ ಹೆಪ್ಪುಗಟ್ಟುವುದನ್ನು ಕಂಡು, 1920ರ ದಶಕದಲ್ಲಿ ಶೀಘ್ರ ಹೆಪ್ಪುಗಟ್ಟಿಸುವ ಉದ್ಯಮ ಕಟ್ಟಿದ. 1990ರ ದಶಕದ ಆರಂಭದಲ್ಲಿ ಚೀನಾದ ಝೆಂಗ್‌ಝೌ ನಗರದ ಶಸ್ತ್ರವೈದ್ಯ ಚೆನ್ ಝೆಮಿನ್ ಸಿಹಿ ಹೂರಣದ ಅಕ್ಕಿಯುಂಡೆಗಳನ್ನು ಹೆಪ್ಪುಗಟ್ಟಿಸಿ ಮಾರಿ, ಅಲ್ಲಿನ ದೊಡ್ಡ ಶೀತಲ ಆಹಾರ ಕಂಪನಿಯೊಂದನ್ನು ಬೆಳೆಸಿದರು. ಇಬ್ಬರ ಗಮನವೂ ರುಚಿ ಮತ್ತು ಬಾಳಿಕೆಯ ಮೇಲಿತ್ತು: ಬೇಗ ಹೆಪ್ಪುಗಟ್ಟಿದರೆ ಮಂಜಿನ ಹರಳು ಸಣ್ಣದಾಗಿರುತ್ತದೆ, ಜೀವಕೋಶ ಹರಿಯುವುದಿಲ್ಲ, ಕರಗಿದಾಗ ರಸ ಸೋರುವುದಿಲ್ಲ. ರೋಗಾಣು ಕೊಲ್ಲುವ ಕೆಲಸ ಬೆಂಕಿಯದ್ದಾಗಿಯೇ ಉಳಿಯಿತು.

ಎಷ್ಟು ಕಾವು ಬೇಕು? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆಹಾರದ ನಡುಭಾಗ 70 ಡಿಗ್ರಿ ತಲುಪಬೇಕು ಎಂದು. ಕೋಳಿಮಾಂಸಕ್ಕೆ ಅಮೆರಿಕದ ಕೃಷಿ ಇಲಾಖೆಯ ಮಾತು 74 ಡಿಗ್ರಿ. ಎಚ್ಚರಿಕೆಗೆ 75 ಎಂದು ಇಟ್ಟುಕೊಳ್ಳೋಣ.

ಈಗ ಹತ್ತು ಮೋಮೋ ತೆಗೆದುಕೊಳ್ಳೋಣ. ಒಂದೊಂದು 25 ಗ್ರಾಂ, ಒಟ್ಟು 250 ಗ್ರಾಂ. ಅದರಲ್ಲಿ ಸುಮಾರು 150 ಗ್ರಾಂ ನೀರು, ಹೆಚ್ಚುಕಡಿಮೆ ಎಲ್ಲವೂ ಮಂಜಾಗಿದೆ. ಮೈನಸ್ 18ರಿಂದ ಸೊನ್ನೆಗೆ ತರಲು ಬೇಕಾದ ಶಾಖ ಎಂಟೊಂಬತ್ತು ಕಿಲೋಜೌಲ್, ಅಷ್ಟೇ. ಸೊನ್ನೆ ಡಿಗ್ರಿಯ ಮಂಜನ್ನು ಸೊನ್ನೆ ಡಿಗ್ರಿಯ ನೀರಾಗಿಸುವುದೇ ದುಬಾರಿ ಕೆಲಸ. ಒಂದು ಗ್ರಾಂ ಮಂಜು ಕರಗಲು 334 ಜೌಲ್ ಬೇಕು, 150 ಗ್ರಾಂಗೆ 50 ಕಿಲೋಜೌಲ್. ಇಷ್ಟು ಶಾಖ ಕೊಟ್ಟರೂ ಉಷ್ಣತೆ ಒಂದು ಡಿಗ್ರಿ ಕೂಡ ಏರುವುದಿಲ್ಲ. ಆಮೇಲೆ ಸೊನ್ನೆಯಿಂದ 75ಕ್ಕೆ ಏರಿಸಲು ಇನ್ನೊಂದು 60. ಒಟ್ಟು ಸುಮಾರು 120 ಕಿಲೋಜೌಲ್.

ಕೆಟಲಿನಲ್ಲಿ ಒಂದು ಲೀಟರ್ ನೀರು ಕುದಿಸಿ ಈ ಹತ್ತು ಮೋಮೋಗಳ ಮೇಲೆ ಸುರಿದು ಮುಚ್ಚಿಟ್ಟರೆ ಏನಾಗುತ್ತದೆ? ಈ ನಾಲ್ಕು ತಾಲೂಕುಗಳು ಸಮುದ್ರಮಟ್ಟಕ್ಕಿಂತ ಸರಿಸುಮಾರು 550–600 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ನೀರು ಕಳೆದುಕೊಂಡ ಶಾಖವೂ ಮೋಮೋ ಪಡೆದ ಶಾಖವೂ ಸಮವಾಗುವ ಹೊತ್ತಿಗೆ ಎರಡೂ 70 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತವೆ. ಇದು ಪಾತ್ರೆ ಮತ್ತು ಗಾಳಿ ಒಂದಿಷ್ಟೂ ಶಾಖ ಕದಿಯದಿದ್ದರೆ ಮಾತ್ರ. ನಿಜದ ಸ್ಟೀಲ್ ಡಬ್ಬಿಯಲ್ಲಿ ಅದು ಇನ್ನೂ ಕೆಳಗೆ ಇಳಿಯುತ್ತದೆ. ಹಸಿ ಮಾಂಸದ ಮೋಮೋಗೆ ಬಿಸಿನೀರು ಸುರಿಯುವ ಉಪಾಯ ನಡೆಯುವುದಿಲ್ಲ. ಪೂರ್ತಿ ಬೇಯಿಸಿಯೇ ಹೆಪ್ಪುಗಟ್ಟಿಸಿದ ತರಕಾರಿ ಮೋಮೋ ಆದರೆ ಮಾತು ಬೇರೆ. ನಾಲ್ಕೇ ನಾಲ್ಕು ಮೋಮೋ, ಒಂದೂವರೆ ಲೀಟರ್ ಕುದಿನೀರು, ಮೊದಲೇ ಬಿಸಿನೀರು ಹಾಕಿ ಕಾಯಿಸಿ ಚೆಲ್ಲಿದ ಹಾಟ್‌ಬಾಕ್ಸ್ ಇದ್ದರೆ ಉಷ್ಣತೆ 90ಕ್ಕೆ ಹತ್ತಿರವೇ ಉಳಿಯುತ್ತದೆ. ಪೊಟ್ಟಣದ ಹಿಂಬದಿಯಲ್ಲಿ ‘ಬೇಯಿಸಿ ತಿನ್ನಿ’ ಎಂದಿದೆಯೋ ‘ಬಿಸಿ ಮಾಡಿ ತಿನ್ನಿ’ ಎಂದಿದೆಯೋ ಎಂದು ಓದುವುದು ಅದಕ್ಕೇ ಮುಖ್ಯ.

ಹಾಗಾದರೆ ಹಬೆ ಏಕೆ ಬೇರೆ? ನೀರು ಹಬೆಯಾಗುವಾಗ ಪ್ರತಿ ಗ್ರಾಂಗೆ ಸುಮಾರು 2,257 ಜೌಲ್ ಶಾಖವನ್ನು ಒಳಗಿಟ್ಟುಕೊಳ್ಳುತ್ತದೆ. ತಣ್ಣನೆಯ ಕಣಕದ ಮೇಲೆ ಕೂತು ಮತ್ತೆ ನೀರಾಗುವಾಗ ಅಷ್ಟನ್ನೂ ಬಿಟ್ಟುಕೊಡುತ್ತದೆ. ಮೇಲಿನ 120 ಕಿಲೋಜೌಲ್ ಕೊಡಲು ಐವತ್ತಮೂರು ಗ್ರಾಂ ಹಬೆ ಸಾಕು, ಅಂದರೆ ಕಾಲು ಲೋಟ ನೀರು. ಒಂದು ಲೀಟರ್ ಬಿಸಿನೀರಿನಿಂದ ಆಗದ ಕೆಲಸ ಇದು. ಮೋಮೋ ಎಷ್ಟು ತಣ್ಣಗಿದ್ದರೆ ಅಷ್ಟು ಹೆಚ್ಚು ಹಬೆ ಅದರ ಮೇಲೆ ಹನಿಗಟ್ಟುತ್ತದೆ, ಜೊತೆಗೆ ಸುತ್ತಲಿನ ಉಷ್ಣತೆ ಕುದಿಬಿಂದುವಿನಿಂದ ಇಳಿಯುವುದಿಲ್ಲ. 3,650 ಮೀಟರ್ ಎತ್ತರದ ಲಾಸಾದಲ್ಲಿ ನೀರು 88 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಅಲ್ಲಿಯ ಹಬೆಯೂ 75ಕ್ಕಿಂತ ಸಾಕಷ್ಟು ಮೇಲೆ. ಮುಂಡಗೋಡಕ್ಕೆ ಇಳಿದು ಬಂದ ಮೋಮೋಗೆ ಹತ್ತು ಡಿಗ್ರಿ ಹೆಚ್ಚಿನ ಹಬೆ ಸಿಕ್ಕಿತು.

ಒಲೆಯಿಲ್ಲದ ಕೋಣೆಯಲ್ಲಿ ಈ ಹಬೆಗೆ ಎಲ್ಲಕ್ಕಿಂತ ನಂಬಿಕೆಯ ಸಾಧನ ರೈಸ್ ಕುಕ್ಕರ್. 1955ರಲ್ಲಿ ಜಪಾನಿನ ತೋಶಿಬಾ ಕಂಪನಿ ಮಾರುಕಟ್ಟೆಗೆ ತಂದ ಮೊದಲ ಸ್ವಯಂಚಾಲಿತ ಕುಕ್ಕರ್ ಹಿಂದೆ ಯೋಶಿತಾದಾ ಮಿನಾಮಿ ಮತ್ತು ಅವರ ಹೆಂಡತಿ ಫುಮಿಕೊ ಅವರ ದುಡಿಮೆ ಇದೆ. ಬೇರೆ ಬೇರೆ ಹವೆಯಲ್ಲಿ ಅನ್ನ ಮಾಡಿ ಮಾಡಿ ಪರೀಕ್ಷಿಸಿದವರು ಫುಮಿಕೊ. ಇಂದಿನ ಸಾದಾ ಕುಕ್ಕರಿನ ತಳದಲ್ಲಿ, ಪಾತ್ರೆಯ ನಡುವಿಗೆ ತಾಗುವಂತೆ, ಸ್ಪ್ರಿಂಗಿನ ಮೇಲೆ ಒಂದು ಗುಂಡನೆಯ ಗುಂಡಿ ಇದೆ. ಅದರೊಳಗಿನ ಫೆರೈಟ್ ತುಣುಕಿಗೆ ಅಯಸ್ಕಾಂತ ಅಂಟಿಕೊಂಡಿರುತ್ತದೆ. ಪಾತ್ರೆಯಲ್ಲಿ ನೀರು ಇರುವವರೆಗೆ ತಳ ಕುದಿಬಿಂದು ದಾಟದು. ನೀರು ಬತ್ತಿದ ಕೂಡಲೇ ಉಷ್ಣತೆ ಮೇಲೇರುತ್ತದೆ, ನೂರು ದಾಟಿ ಕೆಲವೇ ಡಿಗ್ರಿ ಆಗುವಷ್ಟರಲ್ಲಿ ಫೆರೈಟ್ ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ. ಅಯಸ್ಕಾಂತ ಬಿಟ್ಟುಕೊಳ್ಳುತ್ತದೆ, ‘ಟಕ್’ ಎಂದು ಸ್ವಿಚ್ ಮೇಲಕ್ಕೆ ಹಾರುತ್ತದೆ. ಒಂದು ಉಷ್ಣತೆಗೆ ಕಾಂತಗುಣ ಅಳಿಯುವುದನ್ನು ಪಿಯೆರ್ ಕ್ಯೂರಿ 19ನೇ ಶತಮಾನದ ಕೊನೆಯಲ್ಲಿ ಅಭ್ಯಾಸ ಮಾಡಿದ್ದರು. ಅದು ಈಗ ಹಾಸ್ಟೆಲಿನ ಅನ್ನಕ್ಕೆ ಕಾವಲು ಕೂತಿದೆ.

ಮೋಮೋ ಬೇಯಿಸುವಾಗ ಈ ‘ಟಕ್’ ಅನ್ನು ಬೆಂದಿತೆಂಬ ಸೂಚನೆ ಎಂದು ತಿಳಿಯಬಾರದು. ನೀರು ಬತ್ತಿತು ಎಂಬುದಷ್ಟೇ ಅದರ ಅರ್ಥ. ನೀರು ಎಷ್ಟು ಹಾಕಬೇಕೆಂಬುದಕ್ಕೂ ಲೆಕ್ಕ ಇದೆ. 700 ವ್ಯಾಟಿನ ಕುಕ್ಕರ್ ಕುದಿ ಬಂದ ಮೇಲೆ ನಿಮಿಷಕ್ಕೆ ಸುಮಾರು 18.6 ಗ್ರಾಂ ನೀರನ್ನು ಹಬೆ ಮಾಡುತ್ತದೆ. ಹದಿನೈದು ನಿಮಿಷಕ್ಕೆ 280 ಗ್ರಾಂ ಆಯಿತು. ಎರಡು ಲೋಟ, ಅಂದರೆ 400 ಮಿಲಿಲೀಟರ್ ನೀರು ಹಾಕಿದರೆ ತಳ ಬತ್ತುವ ಭಯವಿಲ್ಲ. ತೂತಿನ ತಟ್ಟೆಗೆ ಎಣ್ಣೆ ಸವರಿ, ಮೋಮೋಗಳನ್ನು ಒಂದಕ್ಕೊಂದು ತಾಗದಂತೆ ಒಂದೇ ಪದರದಲ್ಲಿ ಇಡಬೇಕು, ಒಂದರ ಮೇಲೊಂದು ಪೇರಿಸಬಾರದು. ನೀರು ತಟ್ಟೆಗೆ ತಾಗಬಾರದು. ಕುದಿ ಬಂದು ಹಬೆ ಜೋರಾಗಿ ಹೊರಡುವವರೆಗೆ ಕಾದು, ಆಮೇಲೆ ಫ್ರೀಜರಿನಿಂದ ತೆಗೆದದ್ದನ್ನು ಕರಗಿಸದೆ ನೇರವಾಗಿ ಇಡುವುದು. ಅಲ್ಲಿಂದ ಹನ್ನೆರಡರಿಂದ ಹದಿನೈದು ನಿಮಿಷ. ಮುಚ್ಚಳ ತೆಗೆಯುವಾಗ ಆಚೆ ಬದಿಯ ಅಂಚನ್ನು ಮೊದಲು ಎತ್ತಬೇಕು, ಹಬೆ ಮುಖಕ್ಕೆ ಹೊಡೆಯದಂತೆ. ಇಲ್ಲದಿದ್ದರೆ ಮೇಲೆ ಹೇಳಿದ ಶಾಖವೆಲ್ಲ ಚರ್ಮದ ಮೇಲೇ ಇಳಿಯುತ್ತದೆ.

ಐವತ್ತಮೂರು ಗ್ರಾಂ ಹಬೆ ಸಾಕು ಎಂದಮೇಲೆ ಮೂರು ನಿಮಿಷದಲ್ಲೇ ಮುಗಿಯಬೇಕಲ್ಲ, ಹದಿನೈದು ನಿಮಿಷ ಏಕೆ? ಶಾಖ ಮೈ ತಲುಪುವುದು ಬೇಗ, ಮೈಯಿಂದ ನಡುವಿಗೆ ಹೋಗುವುದು ನಿಧಾನ. ದಪ್ಪ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟು ಬೇಕು. ಇಲ್ಲಿ ಇನ್ನೊಂದು ವಿಚಿತ್ರವೂ ಇದೆ. ಮಂಜು ನೀರಿಗಿಂತ ಮೂರು ನಾಲ್ಕು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಹೊರಪದರ ಕರಗಿ ನೀರಾದಂತೆಲ್ಲ ಅದೇ ಒಳಗಿನ ಮಂಜಿಗೆ ಕಂಬಳಿ ಹೊದಿಸುತ್ತದೆ. ಕರಗುವುದು ಹೆಪ್ಪುಗಟ್ಟುವುದಕ್ಕಿಂತ ನಿಧಾನವಾಗುವುದು ಇದರಿಂದಲೇ. ಚೀನಾದ ಮನೆಗಳಲ್ಲಿ ಕುದಿಯುವ ನೀರಿಗೆ ಕಡಬು ಹಾಕಿ, ಉಕ್ಕಿ ಬಂದಾಗಲೆಲ್ಲ ಒಂದು ಬಟ್ಟಲು ತಣ್ಣೀರು ಹಾಕುವ ರೂಢಿ ಇದೆ, ಮೂರು ಸಲ. ಕಣಕ ಒಡೆಯದಂತೆ ತಡೆದು, ನಡುವಿಗೆ ಕಾವು ಇಳಿಯಲು ಹೊತ್ತು ಕೊಡುವ ಜಾಣತನ ಅದು.

ಬೆಂದಿದೆಯೇ ಎಂದು ನೋಡಲು ಎಲ್ಲಕ್ಕಿಂತ ದಪ್ಪನೆಯ ಮೋಮೋ ಒಂದನ್ನು ತೆಗೆದು ನಡುವೆ ಸೀಳಬೇಕು. ಕಣಕದ ಒಳ ಅಂಚಿನಲ್ಲಿ ಬಿಳಿ ಹಸಿ ಹಿಟ್ಟಿನ ಗೆರೆ ಇದ್ದರೆ, ಮಾಂಸ ಗುಲಾಬಿಯಾಗಿ ಮೆತ್ತಗಿದ್ದರೆ, ನಡುವಿನಿಂದ ಹಬೆ ಏಳದಿದ್ದರೆ ಇನ್ನೂ ಐದು ನಿಮಿಷ. ಬಣ್ಣವೂ ಮೋಸ ಮಾಡುವುದುಂಟು. ಮೊನೆಯಿರುವ ಡಿಜಿಟಲ್ ಥರ್ಮಾಮೀಟರನ್ನು ನಿರಿಗೆಯ ಕಡೆಯಿಂದ ನಡುವಿಗೆ ಚುಚ್ಚಿ 75 ನೋಡುವುದೇ ಖಚಿತ ದಾರಿ. ನಾಲ್ಕು ಜನ ಕೂಡಿ ಇರುವ ರೂಮಿಗೆ ಅದು ದೊಡ್ಡ ಖರ್ಚಲ್ಲ.

ಕೆಟಲಿನೊಳಗೇ ಮೋಮೋ ಕುದಿಸುವವರೂ ಇದ್ದಾರೆ. ಕೆಟಲ್ ಆರುವುದು ಹಬೆಯಿಂದ. ಕುದಿ ಬಂದಾಗ ಹಬೆ ಒಂದು ಕಿಂಡಿಯ ಮೂಲಕ ಹೋಗಿ ಎರಡು ಲೋಹದ ಪಟ್ಟಿಯನ್ನು ಬಾಗಿಸುತ್ತದೆ, ಸ್ವಿಚ್ ಬೀಳುತ್ತದೆ. ಹೀಗಾಗಿ ಅದು ಕುದಿ ಬಂದ ಕ್ಷಣದಲ್ಲೇ ಆರುತ್ತದೆ, ಮೋಮೋ ಬೇಯಲು ಆಗ ತಾನೇ ಶುರುವಾಗಿರುತ್ತದೆ. ಆರದಿರಲೆಂದು ಮುಚ್ಚಳ ತೆರೆದಿಟ್ಟರೆ ಹಬೆ ಪಟ್ಟಿಯನ್ನು ತಲುಪುವುದಿಲ್ಲ, ಕಣಕದ ಪಿಷ್ಟ ನೊರೆಯಾಗಿ ಉಕ್ಕಿ ಕೆಳಗಿನ ವಿದ್ಯುತ್ ಸಂಪರ್ಕಕ್ಕೆ ಇಳಿಯುತ್ತದೆ. ಕೆಟಲನ್ನು ನೀರಿಗೆ ಬಿಡುವುದೇ ಒಳ್ಳೆಯದು. ನೀರು ಕಾಯಿಸುವ ಕಾಯಿಲನ್ನು ಅಡುಗೆಯ ಪಾತ್ರೆಗೆ ಇಳಿಸುವುದಂತೂ ಜೀವದ ಜೊತೆ ಆಟ.

ಮೈಕ್ರೋವೇವ್ ಇರುವ ಕಡೆ ಬೇರೆ ಎಚ್ಚರ ಬೇಕು. 1945ರ ಸುಮಾರಿಗೆ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಗುರುತಿಸಿದ ಈ ಕಾವು ನೀರಿನ ಅಣುಗಳನ್ನು ಅಲುಗಿಸಿ ಹುಟ್ಟುತ್ತದೆ. ಮಂಜಿನಲ್ಲಿ ಆ ಅಣುಗಳು ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ ಅದು ತರಂಗವನ್ನು ತೀರ ಕಡಿಮೆ ಹೀರುತ್ತದೆ. ಮೊದಲು ಕರಗಿದ ಮೂಲೆ ಇನ್ನೂ ಹೆಚ್ಚು ಹೀರುತ್ತದೆ, ಇನ್ನೂ ಬಿಸಿಯಾಗುತ್ತದೆ. ಒಂದು ಅಂಚು ಚರ್ಮದಂತೆ ಗಟ್ಟಿ, ಇನ್ನೊಂದು ಮಂಜು. 2007ರಲ್ಲಿ ಅಮೆರಿಕದಲ್ಲಿ ಹೆಪ್ಪುಗಟ್ಟಿದ ಮಾಂಸದ ಕಡಬಿನಂಥ ತಿನಿಸು, ಪಾಟ್ ಪೈ, ತಿಂದು ಸುಮಾರು 400 ಜನ ಸಾಲ್ಮೊನೆಲ್ಲಾ ಸೋಂಕಿಗೆ ತುತ್ತಾದರು. ಬಹಳಷ್ಟು ಜನ ಅದನ್ನು ಮೈಕ್ರೋವೇವಿನಲ್ಲೇ ಮಾಡಿಕೊಂಡಿದ್ದರು, ತಮ್ಮದು ಎಷ್ಟು ವ್ಯಾಟಿನದು ಎಂಬುದು ಅನೇಕರಿಗೆ ತಿಳಿದಿರಲಿಲ್ಲ. ಮೋಮೋವನ್ನು ಗಾಜಿನ ಬಟ್ಟಲಲ್ಲಿ ಒಂದಿಷ್ಟು ನೀರಿನೊಂದಿಗೆ ಇಟ್ಟು, ಸಡಿಲವಾಗಿ ಮುಚ್ಚಿ, ನಡುವೆ ತಿರುವಿಟ್ಟು, ಆರಿದ ಮೇಲೆ ಎರಡು ಮೂರು ನಿಮಿಷ ಹಾಗೇ ಬಿಟ್ಟರೆ ಒಳಗೆ ಹಬೆ ತುಂಬಿ ಕಾವು ಸಮನಾಗುತ್ತದೆ. ಆದರೂ ಹಸಿ ಮಾಂಸದ್ದಕ್ಕೆ ಕುಕ್ಕರಿನ ಹಬೆಯೇ ವಾಸಿ.

ಇನ್ನು ಕರೆಂಟಿನ ಮಾತು. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ ಹಳ್ಳಿಯ ಕಡೆ ವೋಲ್ಟೇಜ್ ಇಳಿಯುವುದು ಎಲ್ಲರಿಗೂ ಗೊತ್ತು. 230 ಇರಬೇಕಾದ್ದು 180ಕ್ಕೆ ಇಳಿದರೆ ಕುಕ್ಕರಿನ ಕಾವು ಐದನೇ ಒಂದು ಭಾಗ ಕಡಿಮೆಯಾಗುತ್ತದೆ ಎಂದು ಅನ್ನಿಸಬಹುದು. ಆದರೆ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 700 ವ್ಯಾಟ್ ಇದ್ದದ್ದು 430ರ ಸುಮಾರಿಗೆ ಬರುತ್ತದೆ. ದೀಪ ಮಂಕಾದ ಸಂಜೆ ಗಡಿಯಾರ ನೋಡಿ ಇಳಿಸದೆ, ಹಬೆ ಜೋರಾದ ಮೇಲೆ ಲೆಕ್ಕ ಶುರು ಮಾಡಬೇಕು. 1,500 ವ್ಯಾಟಿನ ಕೆಟಲ್ ಆರೂವರೆ ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ, ಅದೂ ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ, ಕೆಟಲ್ ಮತ್ತು ಕುಕ್ಕರ್ ಎರಡನ್ನೂ ಸಿಕ್ಕಿಸಿದರೆ ವೈರೇ ಕಾಯುತ್ತದೆ. ಕರೆಂಟು ಹೋಯಿತೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹೊತ್ತಿಸುವುದು ಇನ್ನೂ ಕೆಟ್ಟದ್ದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಬೆಂಕಿಯೂ ಕರೆಂಟೂ ಇಲ್ಲದೆ ಕಾವು ಹುಟ್ಟುವ ಒಂದು ದಾರಿ ವೀಳ್ಯದೆಲೆಗೆ ಹೆಸರಾದ ಸವಣೂರಿಗೆ ಹೊಸದಲ್ಲ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕೊತಕೊತ ಕುದಿದು ಅರಳುವುದನ್ನು ಎಲೆ–ಅಡಿಕೆಯ ಮನೆಗಳ ಹಿರಿಯರು ಬಲ್ಲರು. ಒಂದು ಕಿಲೋ ಶುದ್ಧ ಸುಟ್ಟ ಸುಣ್ಣ ಅರಳುವಾಗ ಸಾವಿರಕ್ಕೂ ಹೆಚ್ಚು ಕಿಲೋಜೌಲ್ ಶಾಖ ಬಿಡುತ್ತದೆ. ಚೀನಾದಲ್ಲಿ ಮಾರುವ ತಾನೇ ಬಿಸಿಯಾಗುವ ಊಟದ ಡಬ್ಬಿಗಳು ಇದೇ ರಸಾಯನದ ಮೇಲೆ ನಿಂತಿವೆ, ಸುಣ್ಣದ ಪೊಟ್ಟಣ ಬೇರೆ, ಊಟದ ತಟ್ಟೆ ಬೇರೆ. ಮನೆಯಲ್ಲಿ ಇದನ್ನು ಮಾಡಿ ನೋಡಬಾರದು. ಕಣ್ಣಿಗೆ ಸಿಡಿದ ಸುಣ್ಣ ದೃಷ್ಟಿಯನ್ನೇ ಕಸಿಯುತ್ತದೆ. ಸಿಡಿದರೆ ಕಣ್ಣನ್ನು ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಆಸ್ಪತ್ರೆಗೆ ಓಡಬೇಕು.

ಹುಬ್ಬಳ್ಳಿಯಲ್ಲಿ ಪೊಟ್ಟಣ ಕೊಂಡು ಊರಿಗೆ ಒಯ್ಯುವವರಿಗೆ ಬಸ್ಸಿನ ದಾರಿಯೇ ದೊಡ್ಡ ಪರೀಕ್ಷೆ. ಹೆದ್ದಾರಿಯ ಮೇಲಿನ ಶಿಗ್ಗಾಂವಿ ಹತ್ತಿರ, ನಾಲ್ಕರಲ್ಲಿ ದಕ್ಷಿಣ ತುದಿಯ ಹಿರೇಕೆರೂರು ದೂರ. ಇಲ್ಲಿ ಮಂಜು ಕರಗಲು ಬೇಕಾದ ಶಾಖ, ಅಂದರೆ ಗುಪ್ತ ಶಾಖ, ನಮ್ಮ ಕಡೆಗಿದೆ: ಅರ್ಧ ಕಿಲೋ ಪೊಟ್ಟಣ ಸೊನ್ನೆ ದಾಟಲು ಹೊರಗಿನಿಂದ ನೂರು ಕಿಲೋಜೌಲಿನಷ್ಟು ಹೀರಬೇಕು. ಥರ್ಮೋಕೋಲ್ ಡಬ್ಬಿಯಲ್ಲಿಟ್ಟರೆ, ಇಲ್ಲವೇ ದಪ್ಪವಾಗಿ ವೃತ್ತಪತ್ರಿಕೆ ಸುತ್ತಿದರೆ ಅದಕ್ಕೆ ತಾಸುಗಳೇ ಹಿಡಿಯುತ್ತವೆ. ಪೊಟ್ಟಣದೊಳಗೆ ಮೋಮೋಗಳು ಬಿಡಿಬಿಡಿಯಾಗಿ ಗಲಗಲ ಎನ್ನಬೇಕು. ಒಂದೇ ಉಂಡೆಯಾಗಿ ಅಂಟಿಕೊಂಡು, ಮೂಲೆಯಲ್ಲಿ ಮಂಜಿನ ಗಡ್ಡೆ ಕಟ್ಟಿದ್ದರೆ ಅದು ಎಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿದೆ. ಅಂಥದ್ದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು.

ಬೇಯಿಸಿದ ಮೇಲೆ ಉಳಿದದ್ದರ ಬಗ್ಗೆಯೂ ಇಷ್ಟೇ ಕಾಳಜಿ ಬೇಕು. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತದೆ. ಕುಕ್ಕರಿನ ‘ವಾರ್ಮ್’ ಸ್ಥಿತಿ ಸಾಮಾನ್ಯವಾಗಿ 60ರ ಮೇಲಿರುತ್ತದೆ, ಆದರೆ ಕರೆಂಟು ಹೋದರೆ ಅದೇ ಕುಕ್ಕರ್ ಬ್ಯಾಕ್ಟೀರಿಯಾಕ್ಕೆ ಬೆಚ್ಚಗಿನ ಮನೆ. ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು, 32 ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳಲ್ಲಿ ಒಂದೇ ತಾಸು. ರಾತ್ರಿಯಿಡೀ ಹೊರಗುಳಿದದ್ದನ್ನು ಬೆಳಗ್ಗೆ ಕುದಿಸಿದರೆ ಸರಿಹೋಗುತ್ತದೆ ಎಂಬುದೂ ತಪ್ಪು. ಸ್ಟ್ಯಾಫಿಲೊಕಾಕಸ್ ಮತ್ತು ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾಗಳು ಆಹಾರದಲ್ಲಿ ಬಿಟ್ಟುಹೋಗುವ ವಿಷಗಳಲ್ಲಿ ಕೆಲವು ಕುದಿನೀರಿನ ಕಾವಿಗೂ ಜಗ್ಗುವುದಿಲ್ಲ. ತಿನ್ನುವಷ್ಟೇ ಎಣಿಸಿ ತಟ್ಟೆಗೆ ಇಟ್ಟು, ಉಳಿದ ಮೋಮೋಗಳನ್ನು ಪೊಟ್ಟಣದ ಬಾಯಿ ಬಿಗಿದು ಕರಗುವ ಮೊದಲೇ ಫ್ರೀಜರಿಗೆ ಸೇರಿಸುವುದು ಒಳ್ಳೆಯದು. ರೂಮಿನಲ್ಲಿ ಫ್ರೀಜರ್ ಇಲ್ಲದಿದ್ದರೆ ಸಣ್ಣ ಪೊಟ್ಟಣವನ್ನೇ ಕೊಂಡು, ಅಂದೇ ಪೂರ್ತಿ ಬೇಯಿಸಿ, ರೂಮಿನವರೆಲ್ಲ ಕೂಡಿ ಬಿಸಿಬಿಸಿ ತಿಂದು ಮುಗಿಸಬೇಕು.